ಪ್ಯಾರಿಸ್ಸಿನ ಕೆಳಗಿನ ಕತ್ತಲೆ

ಕೋಟೆಯಿರುವ ಊರಿಗೆಲ್ಲ ನಮ್ಮಲ್ಲಿ ಒಂದು ಸುರಂಗದ ಕಥೆಯುಂಟು. ದೇವಸ್ಥಾನದ ಹಿಂದಿನ ಕಲ್ಲುಬಾಗಿಲಿನಿಂದ ಹೊರಟ ದಾರಿ ಹತ್ತು ಹರದಾರಿ ಆಚೆಯ ಬೆಟ್ಟದಲ್ಲಿ ಮೇಲೇಳುತ್ತದೆ. ಯಾರೋ ಒಬ್ಬನು ದೀವಟಿಗೆ ಹಿಡಿದು ಒಳಹೊಕ್ಕವನು ಮರಳಿ ಬರಲಿಲ್ಲ. ಅಂದಿನಿಂದ ಬಾಗಿಲಿಗೆ ಗೋಡೆ ಕಟ್ಟಿಬಿಟ್ಟರು. ಇಷ್ಟನ್ನು ಊರಿನ ಅಜ್ಜಿಯರೆಲ್ಲ ಹೇಳಬಲ್ಲರು. ಹೋದವನ ಹೆಸರೇನು, ಹೋದದ್ದು ಯಾವ ವರ್ಷ, ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಹೆಸರು, ದಿನ, ವರ್ಷ ಮೂರೂ ಕಲ್ಲಿನ ಮೇಲೆ ಕೊರೆದು ನಿಂತಿರುವ ಇಂಥ ಕಥೆಯೊಂದು ಪ್ಯಾರಿಸ್ ನಗರದ ನೆಲದಡಿಯಲ್ಲಿದೆ. ಮರೆತ ಜಾಗಗಳನ್ನು ಹೊಕ್ಕು ನೋಡಬೇಕೆನ್ನುವ ಕುತೂಹಲ ಯಾರಲ್ಲಿದ್ದರೂ, ಆ ಕಥೆಯನ್ನು ಒಮ್ಮೆ ಕೇಳಿರುವುದು ಒಳ್ಳೆಯದು.

ಪ್ಯಾರಿಸ್ಸಿನ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. ಮುರಿದ ಕೈಗೆ ವೈದ್ಯರು ಹಾಕುವ ಬಿಳಿಯ ಕಟ್ಟಿಗೂ, ಅಚ್ಚಿನಲ್ಲಿ ಎರೆದ ಗೊಂಬೆಗೂ ಬಳಸುವ ಪುಡಿಗೆ ‘ಪ್ಲಾಸ್ಟರ್ ಆಫ್ ಪ್ಯಾರಿಸ್’ ಎಂದು ಹೆಸರಷ್ಟೆ. ಆ ಊರಿನ ಮಾನ್‌ಮಾರ್ತ್ರ್ ದಿಬ್ಬದ ಅಡಿಯಲ್ಲಿ ಜಿಪ್ಸಂ ಎಂಬ ಖನಿಜವನ್ನು ಅಗೆದು ತೆಗೆದು, ಸುಟ್ಟು ಪುಡಿಮಾಡುತ್ತಿದ್ದುದರಿಂದ ಬಂದ ಹೆಸರು ಅದು. ಸೇನ್ ನದಿಯ ದಕ್ಷಿಣದ ದಂಡೆಯಲ್ಲಿ ಸಿಗುತ್ತಿದ್ದುದು ಸುಣ್ಣದ ಕಲ್ಲು. ನೋತ್ರ್ ದಾಮ್ ದೇವಾಲಯವನ್ನೂ ಲೂವ್ರ್ ಅರಮನೆಯನ್ನೂ ಕಟ್ಟಿದ್ದು ಆ ನೆಲದ ಕಲ್ಲಿನಿಂದಲೇ. ರೋಮನರ ಕಾಲದಲ್ಲಿ ಮೇಲಿನಿಂದಲೇ ಗುಂಡಿ ತೋಡಿ ಕಲ್ಲು ತೆಗೆಯುತ್ತಿದ್ದರು. ಮುಂದೆ ಹೊಲ ತೋಟಗಳನ್ನು ಕೆಡಿಸದೆ ಕೆಳಗಿನ ಕಲ್ಲನ್ನಷ್ಟೇ ಎತ್ತುವ ಉಪಾಯ ಹುಟ್ಟಿತು. ಬಾವಿಯಂತೆ ನೆಟ್ಟಗೆ ಇಳಿದು, ಒಳ್ಳೆಯ ಪದರ ಸಿಕ್ಕಲ್ಲಿ ಅಡ್ಡಕ್ಕೆ ಕೊರೆಯುತ್ತ ಹೋಗುವುದು. ಚಾವಣಿ ಬೀಳದಂತೆ ನಡುನಡುವೆ ಕಲ್ಲಿನ ಕಂಬಗಳನ್ನು ಉಳಿಸುವುದು, ಇಲ್ಲವೆ ತೆಗೆದ ಜಾಗಕ್ಕೆ ಚೂರುಕಲ್ಲು ತುಂಬಿ ಮುಂದೆ ಒಣಗೋಡೆ ಕಟ್ಟುವುದು. ಹೀಗೆ ಶತಮಾನಗಟ್ಟಲೆ ನಡೆಯಿತು. ಪಟ್ಟಣವನ್ನು ನೆಲದ ಮೇಲೆ ಎಬ್ಬಿಸಿದ ಕಲ್ಲಿನಷ್ಟೇ ಪೊಳ್ಳು ನೆಲದ ಕೆಳಗೆ ಉಳಿಯಿತು.

ಅಗೆದಾಗ ಆ ಜಾಗಗಳು ಊರಿನ ಹೊರಗಿದ್ದವು. ಊರು ಬೆಳೆದು ಅವುಗಳ ಮೇಲೆ ಬೀದಿ ಹಾಕಿತು, ಮನೆ ಕಟ್ಟಿತು. ಕಲ್ಲು ಮಾರಿದವನು ಹಣ ಎಣಿಸಿಕೊಂಡು ಹೋದನು; ಮನೆ ಕೊಂಡವನಿಗೆ ಕೆಳಗೆ ಏನಿದೆಯೆಂಬುದೇ ತಿಳಿಯದು. ಒಟ್ಟು ಊರಿಗೆ ಒಂದು ನಕ್ಷೆಯೂ ಇರಲಿಲ್ಲ.

ಪೊಳ್ಳು ಒಮ್ಮೆಗೇ ಕುಸಿಯುವುದಿಲ್ಲ. ಚಾವಣಿಯ ಒಂದು ಪದರ ಕಳಚಿ ಬೀಳುತ್ತದೆ. ಅದಕ್ಕೆ ಆತುಕೊಂಡಿದ್ದ ಮೇಲಿನ ಪದರಕ್ಕೆ ಈಗ ಆಸರೆಯಿಲ್ಲ. ಕೆಲವು ಕಾಲದ ಮೇಲೆ ಅದೂ ಬೀಳುತ್ತದೆ. ಹೀಗೆ ಗಂಟೆಯ ಆಕಾರದ ಗವಿಯೊಂದು ಸದ್ದಿಲ್ಲದೆ ಮೇಲಕ್ಕೇರುತ್ತ, ಕೊನೆಗೊಂದು ದಿನ ಬೀದಿಯ ಹಾಸುಗಲ್ಲನ್ನು ಮುಟ್ಟುತ್ತದೆ. 1774ರ ಡಿಸೆಂಬರ್ 17ರಂದು ಪ್ಯಾರಿಸ್ಸಿನ ದಕ್ಷಿಣ ಭಾಗದ ಒಂದು ಬೀದಿ ಉದ್ದಕ್ಕೂ ಬಾಯಿಬಿಟ್ಟಿತು. ಆ ಬೀದಿಗೆ ಮೊದಲಿನಿಂದಲೂ ಇದ್ದ ಹೆಸರು ‘ನರಕದ ಬೀದಿ’. ಜನ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

1777ರಲ್ಲಿ ಹದಿನಾರನೆಯ ಲೂಯಿ ದೊರೆಯ ಸರಕಾರ ಗಣಿಗಳ ತನಿಖೆಗೆಂದೇ ಒಂದು ಇಲಾಖೆಯನ್ನು ತೆರೆದು, ಶಾರ್ಲ್ ಆಕ್ಸೆಲ್ ಗಿಯೊಮೊ ಎಂಬ ವಾಸ್ತುಶಿಲ್ಪಿಯನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿತು. ಅವನು ಅಧಿಕಾರ ವಹಿಸಿಕೊಂಡ ದಿನವೇ ಅದೇ ಬೀದಿಯಲ್ಲಿ ಮತ್ತೊಂದು ಕುಸಿತವಾಯಿತೆಂದು ಹೇಳುತ್ತಾರೆ. ಅವನ ಕೆಲಸದ ಕ್ರಮ ಬಹು ಸರಳವಾದದ್ದು. ಆದರೆ ಅಷ್ಟೇ ತಾಳ್ಮೆಯದು. ಮೇಲಿನ ಬೀದಿ ಎಲ್ಲಿ ಹೋಗುತ್ತದೆಯೋ ಅದರ ಕೆಳಗೇ ಒಂದು ಸುರಂಗ. ಬೀದಿ ಅಗಲವಾಗಿದ್ದರೆ ಎರಡು ಬದಿಯ ಮನೆಗಳ ಕೆಳಗೂ ಒಂದೊಂದು. ಕುಸಿಯುವಂತಿದ್ದ ಕಡೆ ಗಾರೆಯ ಗೋಡೆ, ಕಂಬ. ಕಟ್ಟಿದ ಗೋಡೆಯ ಮೇಲೆ ಅದರ ಸಂಖ್ಯೆ, ಕಟ್ಟಿಸಿದವನ ಹೆಸರಿನ ಮೊದಲಕ್ಷರ, ವರ್ಷ. ಎಲ್ಲಕ್ಕಿಂತ ಮುಖ್ಯವಾಗಿ, ಮೇಲಿರುವ ಬೀದಿಯ ಹೆಸರು. ಇಪ್ಪತ್ತು ಮೀಟರ್ ಕೆಳಗೆ, ಸೂರ್ಯನನ್ನು ಕಾಣದ ಜಾಗದಲ್ಲಿ ನಿಂತ ಕೂಲಿಗಾರನು ಗೋಡೆಯನ್ನು ಓದಿ ‘ನಾನೀಗ ಇಂಥ ಬೀದಿಯ ಅಡಿಯಲ್ಲಿದ್ದೇನೆ’ ಎಂದು ಹೇಳಬಹುದಾಯಿತು.

ಈ ಅಕ್ಷರಗಳಿಗೂ ಮೇಲಿನ ರಾಜಕೀಯ ತಟ್ಟದೆ ಇರಲಿಲ್ಲ. ಕ್ರಾಂತಿಯಾದಾಗ ಬೀದಿಯ ಹೆಸರುಗಳಲ್ಲಿದ್ದ ‘ಸಂತ’ ಎಂಬ ಮಾತನ್ನೂ ರಾಜಲಾಂಛನದ ಹೂವನ್ನೂ ಎಷ್ಟೋ ಕಡೆ ಉಳಿಯಿಂದ ಕೆತ್ತಿ ತೆಗೆದರು. ಬೀದಿಯ ಹೆಸರಿನ ಮಿಕ್ಕ ಅಕ್ಷರಗಳನ್ನು ಮಾತ್ರ ಬಿಟ್ಟರು. ರಾಜನಿಗಾದರೂ ಪ್ರಜೆಗಾದರೂ ಕತ್ತಲಲ್ಲಿ ದಾರಿ ಬೇಕಷ್ಟೆ. ಗಿಯೊಮೊ ಸಹ ಆ ಗಲಭೆಯಲ್ಲಿ ಸೆರೆಮನೆ ಕಂಡು ಬಂದು, ಮತ್ತೆ ಅದೇ ಹುದ್ದೆಗೆ ಮರಳಿ, 1807ರಲ್ಲಿ ತೀರಿಕೊಳ್ಳುವವರೆಗೆ ಅದೇ ಕೆಲಸದಲ್ಲಿದ್ದನು.

ಈಗ ಮೊದಲು ಹೇಳಿದ ಕಥೆಗೆ ಬರೋಣ. ವಾಲ್ ದ ಗ್ರಾಸ್ ಎಂಬುದು ಹಿಂದೆ ಸನ್ಯಾಸಿನಿಯರ ಮಠವಾಗಿದ್ದು, ಕ್ರಾಂತಿಯ ಕಾಲದಲ್ಲಿ ಸೈನಿಕರ ಆಸ್ಪತ್ರೆಯಾದ ಕಟ್ಟಡ. ಅಲ್ಲಿ ಬಾಗಿಲು ಕಾಯುವ ಕೆಲಸದಲ್ಲಿ ಫಿಲಿಬೆರ್ ಆಸ್ಪೇರ್ ಎಂಬವನಿದ್ದನು. ಆಸ್ಪತ್ರೆಯ ಅಂಗಳದಿಂದ ಹಳೆಯ ಗಣಿಗೆ ಇಳಿಯುವ ಮೆಟ್ಟಿಲುಗಳಿದ್ದವು. 1793ರ ನವೆಂಬರ್ 3ರಂದು ಅವನು ಆ ಮೆಟ್ಟಿಲುಗಳನ್ನು ಇಳಿದನು. ಏಕೆಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ನೆರೆಯ ಮಠದ ಸನ್ಯಾಸಿಗಳು ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದ ಮದ್ಯದ ಶೀಷೆಗಳ ಆಸೆಯಿಂದ ಹೋದನೆಂಬುದು ಜನರ ಮಾತು. ಜನರು ಸತ್ತವನ ಮೇಲೆ ಇಂಥ ಮಾತನ್ನು ಹೊರಿಸುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಕೈಯಲ್ಲಿದ್ದುದು ಒಂದು ಮೇಣದ ಬತ್ತಿಯೆಂದೂ ಹೇಳುತ್ತಾರೆ. ಹೋಗುವೆನೆಂದು ಅವನು ಯಾರಿಗಾದರೂ ತಿಳಿಸಿದ್ದಂತೆ ಕಾಣುವುದಿಲ್ಲ. ಊರಿನಲ್ಲಿ ದಿನಬೆಳಗಾದರೆ ತಲೆಗಳು ಉರುಳುತ್ತಿದ್ದ ಕಾಲ. ಒಬ್ಬ ದ್ವಾರಪಾಲಕನು ಕಾಣೆಯಾದನೆಂದರೆ ಎಲ್ಲಿಗೆ ಹೋದನೆಂದು ಕೇಳುವ ಧೈರ್ಯವಾದರೂ ಯಾರಿಗಿದ್ದೀತು?

ಹನ್ನೊಂದನೆಯ ವರ್ಷದಲ್ಲಿ, 1804ರಲ್ಲಿ, ಗಣಿಯ ಕೆಲಸಗಾರರಿಗೆ ಒಂದು ಸುರಂಗದಲ್ಲಿ ಎಲುಬುಗಳು ಸಿಕ್ಕಿದವು. ಯಾರೆಂದು ಗುರುತು ಹಿಡಿದದ್ದು ಪಕ್ಕದಲ್ಲಿದ್ದ ಬೀಗದ ಕೈಗೊಂಚಲಿನಿಂದ, ಅದು ಆಸ್ಪತ್ರೆಯದು. ಹೊರಗೆ ಬರುವ ದಾರಿ ಅಲ್ಲಿಂದ ಬಹಳ ದೂರವೇನೂ ಇರಲಿಲ್ಲವಂತೆ. ಏಪ್ರಿಲ್ 30ರಂದು ಅವನನ್ನು ಸಿಕ್ಕ ಜಾಗದಲ್ಲೇ ಮಣ್ಣು ಮಾಡಿ, ಕಳೆದುಹೋದ ದಿನವನ್ನೂ ಸಿಕ್ಕ ಕಾಲವನ್ನೂ ಬರೆದ ಕಲ್ಲೊಂದನ್ನು ನಿಲ್ಲಿಸಿದರು. ಅದು ಈಗಲೂ ಅಲ್ಲಿದೆ.

ಇಲ್ಲೊಂದು ಮಾತನ್ನು ಯೋಚಿಸಬೇಕು. ಆಸ್ಪೇರ್ ಇಳಿಯುವ ವೇಳೆಗೆ ಗಿಯೊಮೊನ ಇಲಾಖೆ ಹುಟ್ಟಿ ಹದಿನಾರು ವರ್ಷಗಳಾಗಿದ್ದವು. ಗೋಡೆಗಳ ಮೇಲೆ ಬೀದಿಯ ಹೆಸರುಗಳು ಮೂಡುತ್ತ ಬಂದಿದ್ದವು. ಆದರೆ ಓದುವುದಕ್ಕೆ ಬೆಳಕು ಬೇಕು. ಒಂದೇ ಬತ್ತಿ ಆರಿಹೋದರೆ, ಗೋಡೆಯ ಮೇಲೆ ಊರಿನ ನಕ್ಷೆಯನ್ನೇ ಕೆತ್ತಿದ್ದರೂ ಪ್ರಯೋಜನವೇನು? ಹಾಗೆಯೇ, ಹತ್ತು ದೀಪ ಹಿಡಿದು ಹೋದವನಿಗೂ ಗುರುತಿಲ್ಲದ ಗೋಡೆ ಏನನ್ನೂ ಹೇಳದು. ಊರು ಮಾಡಬೇಕಾದದ್ದು ಒಂದು, ಹೋಗುವವನು ಮಾಡಬೇಕಾದದ್ದು ಇನ್ನೊಂದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಇನ್ನೊಂದು ಕೈಗೆ ಬರುವುದಿಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವರು ಅಸ್ಥಿಗೃಹದ ಮೇಲ್ವಿಚಾರಕರು. ಊರೊಳಗಿನ ಸ್ಮಶಾನಗಳು ತುಂಬಿ ತುಳುಕಿದ್ದರಿಂದ, 1786ರಿಂದ ಮೊದಲ್ಗೊಂಡು ಅಲ್ಲಿನ ಎಲುಬುಗಳನ್ನು ಗಣಿಯ ಒಂದು ಭಾಗಕ್ಕೆ ಸಾಗಿಸಿದರು. ಅರವತ್ತು ಲಕ್ಷ ಜನರ ಅಸ್ಥಿ ಅಲ್ಲಿದೆಯೆಂಬುದು ಅಂದಾಜು. ಮುಂದಿನ ಶತಮಾನದಲ್ಲಿ ಅದನ್ನು ನೋಡಲು ಜನ ಮೇಣದ ಬತ್ತಿ ಹಿಡಿದು ಇಳಿಯತೊಡಗಿದಾಗ, ದಾರಿಯುದ್ದಕ್ಕೂ ಚಾವಣಿಯ ಮೇಲೆ ದಪ್ಪನೆಯ ಕಪ್ಪು ಗೆರೆಯೊಂದನ್ನು ಎಳೆದಿದ್ದರು. ತಲೆಯೆತ್ತಿ ಗೆರೆಯನ್ನು ನೋಡುತ್ತ ನಡೆದರೆ ಸಾಕು, ದಾರಿ ತಪ್ಪುವಂತಿಲ್ಲ. ಖರ್ಚು ಒಂದಿಷ್ಟು ಬಣ್ಣ. ಉಳಿದ ಪ್ರಾಣಗಳನ್ನು ಲೆಕ್ಕ ಹಾಕಿದವರಿಲ್ಲ.

ಅಸ್ಥಿಗೃಹವು ಈ ಪಾತಾಳದ ಒಂದು ಸಣ್ಣ ಮೂಲೆ ಮಾತ್ರ. ಪ್ಯಾರಿಸ್ಸಿನ ಹಳೆಯ ಗಣಿಗಳ ಸುರಂಗಗಳೆಲ್ಲ ಸೇರಿ 300 ಕಿಲೋಮೀಟರಿಗೆ ಹತ್ತಿರವಾಗುತ್ತವೆ. ಜನರಿಗೆಂದು ತೆರೆದ ಭಾಗವನ್ನು ಬಿಟ್ಟು ಉಳಿದ ಕಡೆ ಹೋಗಬಾರದೆಂದು 1955ರಲ್ಲಿ ಆಜ್ಞೆಯಾಯಿತು. ಆದರೂ ಹೋಗುವವರು ಹೋಗುತ್ತಲೇ ಇದ್ದಾರೆ. ಅವರಲ್ಲಿ ವರ್ಷಗಟ್ಟಲೆ ಹೋಗಿ ಬಂದವರು ತಮ್ಮೊಳಗೇ ಕೆಲವು ಕಟ್ಟುಪಾಡುಗಳನ್ನು ಇಟ್ಟುಕೊಂಡಿರುತ್ತಾರೆ: ಒಂಟಿಯಾಗಿ ಇಳಿಯಬಾರದು, ನಕ್ಷೆಯಿಲ್ಲದೆ ಹೋಗಬಾರದು, ಒಬ್ಬೊಬ್ಬನ ಬಳಿ ಒಂದಕ್ಕಿಂತ ಹೆಚ್ಚು ದೀಪವಿರಬೇಕು, ಮೇಲಿರುವ ಯಾರಿಗಾದರೂ ಹಿಂತಿರುಗುವ ಹೊತ್ತನ್ನು ಹೇಳಿ ಹೋಗಬೇಕು. ಇವುಗಳನ್ನು ಮರೆತವರ ಕಥೆಗೆ 1793ಕ್ಕೇ ಹೋಗಬೇಕಾಗಿಲ್ಲ. 2017ರ ಜೂನ್ ತಿಂಗಳಿನಲ್ಲಿ ಹದಿನಾರು ಹದಿನೇಳು ವರ್ಷದ ಇಬ್ಬರು ಹುಡುಗರು ಅಲ್ಲಿ ಮೂರು ದಿನ ದಾರಿ ತಪ್ಪಿ ಅಲೆದರು. ವಾಸನೆ ಹಿಡಿಯುವ ನಾಯಿಗಳೊಡನೆ ಇಳಿದ ರಕ್ಷಕರು ಅವರನ್ನು ಕಂಡುಹಿಡಿದಾಗ ಮೈ ತಣ್ಣಗಾಗಿತ್ತು. ಕೆಳಗಿನ ಹವೆ ಬೇಸಗೆಯಲ್ಲೂ ಹದಿನೈದು ಡಿಗ್ರಿಯ ಆಸುಪಾಸು. ನಡೆದಾಡುವವನಿಗೆ ಅದು ಹಿತ. ಒದ್ದೆ ನೆಲದ ಮೇಲೆ ಮೂರು ದಿನ ಕೂತವನಿಗೆ ಅಲ್ಲ.

‘ನನ್ನ ಪ್ರಾಣ, ನನ್ನ ಇಷ್ಟ’ ಎಂದು ವಾದಿಸುವವರುಂಟು. ಆ ಇಬ್ಬರು ಹುಡುಗರ ತಾಯಂದಿರ ಆ ಮೂರು ರಾತ್ರಿಗಳನ್ನು ನೆನೆದರೆ ಆ ವಾದ ನಿಲ್ಲುವುದಿಲ್ಲ. ಅವರನ್ನು ಹುಡುಕಲು ಅದೇ ಕತ್ತಲೆಗೆ ಇಳಿದವರಿಗೂ ಪ್ರಾಣವುಂಟು, ಮನೆಯುಂಟು. ಇನ್ನೊಂದು ಮಾತೂ ಇದೆ. ನುಸುಳಿ ಹೋಗುವುದಕ್ಕೆಂದು ಹಳೆಯ ಗೋಡೆಯಲ್ಲಿ ಕಿಂಡಿ ಕೊರೆಯುವವನಿಗೆ, ಆ ಗೋಡೆ ಮೇಲಿನ ಯಾರ ಮನೆಯನ್ನು ಹೊತ್ತಿದೆಯೆಂಬುದು ಗೊತ್ತೆ? ಪ್ಯಾರಿಸ್ಸಿನ ಹೊರವಲಯದ ಕ್ಲಾಮಾರ್ ಎಂಬಲ್ಲಿ 1961ರ ಜೂನ್ 1ರಂದು ಹಳೆಯ ಸೀಮೆಸುಣ್ಣದ ಗಣಿಯೊಂದು ಕುಸಿದು, ಮೇಲಿನ ಬೀದಿಗಳೂ ಮನೆಗಳೂ ಕೆಳಗಿಳಿದವು. 21 ಜನ ಸತ್ತರು. ಅದನ್ನು ಯಾವ ಸಾಹಸಿಯೂ ಕೆಡವಲಿಲ್ಲ, ನಿಜ. ಶಕ್ತಿಗುಂದಿದ ಕಂಬಗಳು ತಾವಾಗಿ ಸೋತವು. ಆದರೆ ಕೆಳಗಿನ ಒಂದು ಕಂಬಕ್ಕೂ ಮೇಲಿನ ಒಂದು ತೊಟ್ಟಿಲಿಗೂ ಇರುವ ಸಂಬಂಧವನ್ನು ಅದಕ್ಕಿಂತ ಕಟುವಾಗಿ ಯಾರೂ ಹೇಳಲಾರರು. ಆಸ್ಪೇರ್ ಸಿಕ್ಕ ಅದೇ 1804ರಲ್ಲಿ ಜಾರಿಗೆ ಬಂದ ಫ್ರೆಂಚರ ಸಿವಿಲ್ ಸಂಹಿತೆ, ನೆಲದ ಒಡೆಯನೇ ಅದರ ಕೆಳಗಿನದಕ್ಕೂ ಒಡೆಯನೆಂದು ವಿಧಿಸಿತು. ಒಡೆತನದೊಂದಿಗೆ ಹೊಣೆಯೂ ಬಂತು. ತನ್ನ ಮನೆಯ ಕೆಳಗಿನ ಪೊಳ್ಳನ್ನು ಭದ್ರಪಡಿಸುವುದು ಅಲ್ಲಿ ಮನೆಯವನ ಕರ್ತವ್ಯವೇ.

ಕುತೂಹಲವೇ ತಪ್ಪೆಂದು ಹೇಳುವ ಉದ್ದೇಶ ನನ್ನದಲ್ಲ. ಕುತೂಹಲವಿಲ್ಲದಿದ್ದರೆ ಗಿಯೊಮೊ ಸಹ ಕೆಳಗಿಳಿಯುತ್ತಿರಲಿಲ್ಲ. ಅವನೂ ಆಸ್ಪೇರನೂ ಇಳಿದದ್ದು ಒಂದೇ ಕತ್ತಲೆಗೆ. ಒಬ್ಬನು ಹೆಜ್ಜೆ ಹೆಜ್ಜೆಗೂ ತಾನೆಲ್ಲಿದ್ದೇನೆಂದು ಬರೆದಿಟ್ಟು, ಹಿಂದೆ ಬರುವವರಿಗೂ ದಾರಿ ಮಾಡಿದನು. ಇನ್ನೊಬ್ಬನು ಯಾರಿಗೂ ಹೇಳದೆ ಹೋದನು.

ರಜೆಯಲ್ಲಿ ಕೋಟೆ ಕೊತ್ತಲಗಳನ್ನು ನೋಡಲು ಹೊರಡುವ ನಮ್ಮ ಹುಡುಗರಿಗೆ ಹೇಳಬೇಕಾದ ಮಾತೂ ಇದೇ. ಮುಚ್ಚಿದ ಬಾಗಿಲನ್ನು ಒಡೆಯಬೇಡಿ. ಅದನ್ನು ಮುಚ್ಚಿದವರಿಗೆ ಕಾರಣವಿದ್ದೀತು. ತೆರೆದ ದಾರಿಯಲ್ಲಿ ಹೋಗುವಾಗಲೂ ಜೊತೆಗಾರನಿರಲಿ, ಇನ್ನೊಂದು ದೀಪವಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದು ಮನೆಯಲ್ಲಿ ಗೊತ್ತಿರಲಿ. ಆಸ್ಪೇರನ ಸೊಂಟದಲ್ಲಿ ಇಡೀ ಆಸ್ಪತ್ರೆಯ ಬೀಗದ ಕೈಗಳಿದ್ದವು. ಹನ್ನೊಂದು ವರ್ಷದ ಮೇಲೆ ಅವನ ಗುರುತು ಹೇಳುವುದಕ್ಕೆ ಅವು ಸಾಕಾದವು; ಅಂದು ಹೊರಗೆ ಬರುವುದಕ್ಕೆ ಒಂದೂ ಒದಗಲಿಲ್ಲ.