ಹಾಸಿಗೆಯಿಂದ ನಡಿಗೆಗೆ: ಕ್ಯಾನ್ಸರ್ ಚಿಕಿತ್ಸೆಯಲ್ಲಿ ವ್ಯಾಯಾಮದ ಚರಿತ್ರೆ

ಇಪ್ಪತ್ತನೆಯ ಶತಮಾನದ ಬಹುಭಾಗ ಕ್ಯಾನ್ಸರ್ ರೋಗಿಗೆ ವೈದ್ಯರಿಂದ ದೊರೆಯುತ್ತಿದ್ದ ಸಲಹೆ ವಿಶ್ರಾಂತಿಯೇ ಆಗಿತ್ತು. ಕರುಣೆಯಿಂದ ಹುಟ್ಟಿದ ಸಲಹೆ ಅದಾದರೂ, ಮಲಗಿದ ದೇಹದಲ್ಲಿ ಸ್ನಾಯು ಕರಗಿ, ಹೃದಯ ಮತ್ತು ಶ್ವಾಸಕೋಶಗಳ ಕಸುವು ಕುಂದಿ, ಸಣ್ಣ ಕೆಲಸಕ್ಕೂ ಆಯಾಸ ಕಾಣಿಸಿಕೊಂಡಾಗ ಆ ಆಯಾಸಕ್ಕೂ ವಿಶ್ರಾಂತಿಯನ್ನೇ ಮದ್ದೆಂದು ಹೇಳಲಾಗುತ್ತಿತ್ತು. ಈ ವರ್ತುಲವನ್ನು ಒಡೆದವರ ಕೆಲಸವನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಅವರ ಪಾಲಿಗೆ ತಾಳ್ಮೆಯೆಂಬುದು ರೋಗಿಗೆ ಹೇಳುವ ಸಮಾಧಾನದ ಮಾತಾಗಿರದೆ, ಅಳತೆಯಿಟ್ಟು ರೂಪಿಸಿದ ವಿಧಾನವೇ ಆಗಿತ್ತು.

ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದುಹಾಕಲಾಗುತ್ತಿತ್ತು. ಅಂಗಾಂಶಗಳಲ್ಲಿ ಉಳಿಯುವ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳ ಮೇಲಿನ ಸೋಸುಗಗಳೇ ಈ ಗ್ರಂಥಿಗಳಾದುದರಿಂದ, ಅವು ಹೋದ ಮೇಲೆ ಹಲವರ ತೋಳು ಊದಿಕೊಂಡು, ಭುಜ ಬಿಗಿದುಹೋಗುತ್ತಿತ್ತು. 1952ರಲ್ಲಿ ಇಂಥದೇ ಶಸ್ತ್ರಕ್ರಿಯೆಗೆ ಒಳಗಾದ ನ್ಯೂಯಾರ್ಕಿನ ಟೆರೀಸ್ ಲಾಸರ್ ಮುಂದೆ ‘ರೀಚ್ ಟು ರಿಕವರಿ’ ಎಂಬ ಸಂಘಟನೆಯನ್ನು ಕಟ್ಟಿ, ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಹೆಂಗಸರ ಬಳಿಗೆ ಒಂದು ಹಗ್ಗವನ್ನೂ ಎಳೆದರೆ ಹಿಗ್ಗುವ ದಾರಕ್ಕೆ ಕಟ್ಟಿದ ರಬ್ಬರ್ ಚೆಂಡನ್ನೂ ಒಯ್ದರು. ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಮೆಲ್ಲನೆ ಏರಿಸುತ್ತಾ ಹೋಗುವುದು ಅವರು ಕಲಿಸುತ್ತಿದ್ದ ವ್ಯಾಯಾಮಗಳಲ್ಲೊಂದು. ವೈದ್ಯರ ಅನುಮಾನವನ್ನು ಎದುರಿಸಿ ಬೆಳೆದ ಈ ಸಂಘಟನೆಯನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ತನ್ನದಾಗಿಸಿಕೊಂಡಿತು.

ಲಾಸರ್ ಅವರ ಗುರಿ ತೋಳಿಗೆ ಸೀಮಿತವಾಗಿತ್ತು. ಇಡೀ ದೇಹದ ಕಸುವಿನ ಪ್ರಶ್ನೆಯನ್ನು 1980ರ ದಶಕದಲ್ಲಿ ಎತ್ತಿದವರು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಶುಶ್ರೂಷಾ ಸಂಶೋಧಕಿಯರಾದ ಮೇರಿ ಮ್ಯಾಕ್‌ವಿಕಾರ್ ಮತ್ತು ಮೆರಿಲ್ ವಿನಿಂಗ್‌ಹ್ಯಾಮ್; ಕೀಮೋಥೆರಪಿ, ಅಂದರೆ ಔಷಧಗಳಿಂದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಚಿಕಿತ್ಸೆ, ನಡೆಯುತ್ತಿರುವಾಗಲೇ ಮಹಿಳೆಯರನ್ನು ವಾರಕ್ಕೆ ಮೂರು ಬಾರಿಯಂತೆ ಹತ್ತು ವಾರ ಸ್ಥಿರ ಸೈಕಲ್ಲಿನ ಮೇಲೆ ಕೂರಿಸಿ, ತುಸು ಬಿರುಸು ತುಸು ನಿಧಾನ ಎಂಬಂತೆ ತುಳಿಸಿದ ಅವರ ಅಧ್ಯಯನ 1989ರಲ್ಲಿ ಪ್ರಕಟವಾಗಿ, ಅವರಲ್ಲಿ ಕಸುವು ಹೆಚ್ಚಿದ್ದನ್ನು ತೋರಿಸಿತು. ಹಗಲೂ ರಾತ್ರಿ ರೋಗಿಯ ಬಳಿಯಿದ್ದು ದಣಿವನ್ನು ಕಣ್ಣಾರೆ ಕಂಡ ದಾದಿಯರ ವೃತ್ತಿಯಿಂದಲೇ ಈ ಪ್ರಶ್ನೆ ಹೊರಟದ್ದು ಸಹಜವೆನ್ನಬೇಕು.

ಆದರೂ ತೋಳಿನ ಊತದ ಭಯ ಉಳಿದೇ ಇತ್ತು. ಲಿಂಫೆಡೀಮಾ ಎಂದು ಕರೆಯಲಾಗುವ ಈ ಊತವಿದ್ದವರು ಮಗುವನ್ನು ಎತ್ತಿಕೊಳ್ಳಬಾರದು, ಭಾರದ ಚೀಲ ಹಿಡಿಯಬಾರದು ಎಂಬ ಎಚ್ಚರಿಕೆ ಬಹುಕಾಲ ನಡೆದುಬಂದಿತು. ಕೆನಡಾದ ವ್ಯಾಂಕೂವರಿನ ಕ್ರೀಡಾವೈದ್ಯ ಡಾನ್ ಮೆಕೆಂಜಿ 1996ರಲ್ಲಿ ಸ್ತನ ಕ್ಯಾನ್ಸರಿನಿಂದ ಚೇತರಿಸಿಕೊಂಡ 24 ಮಹಿಳೆಯರಿಗೆ ಡ್ರ್ಯಾಗನ್ ದೋಣಿಯ ಹುಟ್ಟು ಹಾಕಲು ತರಬೇತಿ ಕೊಟ್ಟು ಈ ನಂಬಿಕೆಯನ್ನು ಪ್ರಶ್ನಿಸಿದರು. ಖಚಿತ ಉತ್ತರ ದೊರೆತದ್ದು 2009ರಲ್ಲಿ, ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಊತವಿದ್ದ 141 ಮಹಿಳೆಯರ ಮೇಲೆ ನಡೆಸಿದ ಪ್ರಯೋಗದಲ್ಲಿ. ವಾರಕ್ಕೆ ಎರಡು ಬಾರಿ, ತೋಳಿಗೆ ಬಿಗಿಯಾದ ಒತ್ತುಪಟ್ಟಿ ತೊಟ್ಟು, ಅತಿ ಕಡಿಮೆ ತೂಕದಿಂದ ಆರಂಭಿಸಿ, ತೋಳಿನಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಮಾತ್ರ ಸಾಧ್ಯವಿರುವ ಅತ್ಯಂತ ಸಣ್ಣ ಪ್ರಮಾಣದಲ್ಲಿ ತೂಕ ಏರಿಸುವುದು ಅದರ ಕ್ರಮವಾಗಿತ್ತು. ಏರಿಕೆಗೆ ಮೇಲ್ಮಿತಿಯನ್ನು ಮಾತ್ರ ವಿಧಿಸಿರಲಿಲ್ಲ. ತೂಕ ಎತ್ತಿದವರಲ್ಲಿ ಊತ ಹೆಚ್ಚಲಿಲ್ಲ, ಬದಲಿಗೆ ಅದು ಉಲ್ಬಣಿಸುವ ಪ್ರಸಂಗಗಳು ಕಡಿಮೆಯಾದವು. ಅವಸರಪಟ್ಟಿದ್ದರೆ ಹಳೆಯ ಭಯವೇ ನಿಜವೆಂದು ತೋರುವ ಸಾಧ್ಯತೆಯಿತ್ತು.

ಇದೇ ಕಾಲದಲ್ಲಿ ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ಚಿಕಿತ್ಸೆಯಲ್ಲಿದ್ದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಯೋಗಾಭ್ಯಾಸ ಕಲಿಸಿ, ಕೀಮೋಥೆರಪಿಯ ನಂತರದ ವಾಕರಿಕೆ ತಗ್ಗಿದ್ದನ್ನು 2007ರಲ್ಲಿ ವರದಿ ಮಾಡಿದರು.

ವ್ಯಾಯಾಮ ಆಯುಷ್ಯವನ್ನೂ ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ದೀರ್ಘಕಾಲ ಬೇಕಾಯಿತು. 2009ರಲ್ಲಿ ಆರಂಭವಾಗಿ, ಮುಖ್ಯವಾಗಿ ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 889 ಜನರನ್ನು ಒಳಗೊಂಡು ನಡೆದ ‘ಚಾಲೆಂಜ್’ ಪ್ರಯೋಗದ ಫಲಿತಾಂಶ ಹೊರಬಂದದ್ದು 2025ರಲ್ಲಿ: ಐದು ವರ್ಷಗಳ ನಂತರ ರೋಗವಿಲ್ಲದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ಶೇಕಡಾ 80.3, ಆರೋಗ್ಯ ಮಾಹಿತಿಯ ಪುಸ್ತಿಕೆ ಮಾತ್ರ ಪಡೆದ ಗುಂಪಿನಲ್ಲಿ ಶೇಕಡಾ 73.9. ಅಂಕಿಗಳಷ್ಟೇ ಗಮನಿಸತಕ್ಕದ್ದು ಪ್ರಯೋಗದ ವಿನ್ಯಾಸ. ವಾರಕ್ಕೆ ಮೂರು ನಾಲ್ಕು ಬಾರಿ ಮುಕ್ಕಾಲು ಗಂಟೆಯ ಬಿರುನಡಿಗೆಗೆ ಸಮನಾದ ಹೆಚ್ಚುವರಿ ಚಟುವಟಿಕೆಯನ್ನು ತಲುಪಲು ಆರು ತಿಂಗಳ ಕಾಲಾವಕಾಶವಿತ್ತು. ನಡಿಗೆ, ಸೈಕಲ್, ಈಜು ಮೊದಲಾದವುಗಳಲ್ಲಿ ಆಯ್ಕೆ ರೋಗಿಯದಾಗಿತ್ತು. ಮೊದಲು ಎರಡು ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ ಸಲಹೆಗಾರರೊಬ್ಬರು ಮೂರು ವರ್ಷಗಳ ತನಕ ಜೊತೆಗಿದ್ದು, ಅಡ್ಡಿಗಳನ್ನು ಕೇಳಿ ತಿಳಿದು ಗುರಿಯನ್ನು ಹೊಂದಿಸಿಕೊಡುತ್ತಿದ್ದರು.