ನೆರೆಯೊಡನೆ ಹೊಂದುವ ಬಣ್ಣ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ – ಈ ಮೂರು ತಾಲ್ಲೂಕುಗಳು ಒಂದಕ್ಕೊಂದು ಗಡಿ ತಾಗಿಸಿಕೊಂಡಿವೆ. ಶಾಲೆಯ ಹುಡುಗನೊಬ್ಬನು ಇವುಗಳ ನಕ್ಷೆಗೆ ಬಣ್ಣ ತುಂಬಬೇಕಾಗಿದೆಯೆಂದು ಭಾವಿಸೋಣ. ನೆರೆಯವೆರಡಕ್ಕೆ ಒಂದೇ ಬಣ್ಣ ಬರಕೂಡದು. ಅವನ ಪೆಟ್ಟಿಗೆಯಲ್ಲಿರುವುದು ಕೆಂಪು ಮತ್ತು ನೀಲಿ ಮಾತ್ರ. ಎರಡೆರಡು ತಾಲ್ಲೂಕುಗಳನ್ನು ಹಿಡಿದು ನೋಡಿದರೆ ಯಾವ ತೊಡಕೂ ಇಲ್ಲ. ಮೂರನ್ನೂ ಕೂಡಿಸಿ ನೋಡಿದರೆ ಕೆಲಸವೇ ಅಸಾಧ್ಯ!

ಈ ಸಣ್ಣ ಒಗಟಿನ ಹಿಂದೆ ದೊಡ್ಡ ಚರಿತ್ರೆಯಿದೆ. ಅಮೆರಿಕದ ಡೇವಿಡ್ ವಾಲ್ಟ್ಜ್ 1972ರಲ್ಲಿ, ಇಟ್ಟಿಗೆಗಳಂಥ ವಸ್ತುಗಳ ರೇಖಾಚಿತ್ರವನ್ನು ಗಣಕಯಂತ್ರವು ಅರಿಯುವ ಬಗೆಯನ್ನು ತೋರಿಸಿದರು. ಪ್ರತಿಯೊಂದು ಗೆರೆಗೆ ಅನೇಕ ಅರ್ಥಗಳುಂಟು: ಅಂಚು, ಬಿರುಕು, ನೆರಳು. ನೆರೆಯ ಸಂಧಿಯೊಡನೆ ಹೊಂದದ ಅರ್ಥಗಳನ್ನು ಒಂದೊಂದಾಗಿ ಅಳಿಸುತ್ತ ಹೋದರೆ ಉಳಿಯುವುದು ಬಹಳ ಸ್ವಲ್ಪ. ಎಲ್ಲ ಜೋಡಣೆಗಳನ್ನೂ ಪರೀಕ್ಷಿಸುವ ಶ್ರಮ ಹೀಗೆ ತಪ್ಪಿತು. 1974ರಲ್ಲಿ ಇಟಲಿಯ ಉಗೋ ಮೊಂಟನಾರಿ, ಜೋಡಿಗಳನ್ನು ಮೂರನೆಯದರೊಡನೆ ತಾಳೆ ನೋಡುವ ಕ್ರಮವನ್ನು ವಿವರಿಸಿದರು. ನಮ್ಮ ಹುಡುಗನ ತೊಡಕನ್ನು ಬಯಲಿಗೆಳೆಯುವುದು ಇದೇ. 1977ರಲ್ಲಿ ಕೆನಡಾದ ಅಲನ್ ಮ್ಯಾಕ್‌ವರ್ತ್ ಈ ವಿಧಾನಗಳನ್ನು ಒಂದು ವ್ಯವಸ್ಥೆಗೆ ತಂದರು. ಒಂದೆಡೆ ಆಯ್ಕೆ ಕಡಮೆಯಾದರೆ ಅದರ ನೆರೆಯವುಗಳನ್ನು ಮಾತ್ರ ಮತ್ತೆ ನೋಡಿದರೆ ಸಾಕು, ಎಲ್ಲವನ್ನೂ ಅಲ್ಲ. ಮರುವರ್ಷ ಯೂಜಿನ್ ಫ್ರಾಯ್ಡರ್ ಅದನ್ನು ಎಷ್ಟು ಮಂದಿ ನೆರೆಯವರಿಗಾದರೂ ಅನ್ವಯಿಸುವಂತೆ ವಿಸ್ತರಿಸಿದರು.

ನಕ್ಷೆಯ ಬಣ್ಣ ಆಟದ ಮಾತಾಯಿತು. ತಾಲ್ಲೂಕು ಯಾವ ಜಿಲ್ಲೆಗೆ ಸೇರಬೇಕೆಂಬುದು ಬದುಕಿನ ಮಾತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿಯು ಬಳ್ಳಾರಿಯಿಂದ ಅಲ್ಲಿಗೆ ಸೇರಿತು. ಮುಂದೆ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದಿತು. ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲು ದೊರಕಿಸುವ ಆ ವಿಧಿ ಅನ್ವಯವಾದದ್ದು ಬಳ್ಳಾರಿಗೆ, ದಾವಣಗೆರೆಗಲ್ಲ. ಹಡಗಲಿ, ಕೂಡ್ಲಿಗಿಗಳು ಒಳಗೆ; ಪಕ್ಕದ ಹರಪನಹಳ್ಳಿ ಹೊರಗೆ. ಒಂದು ಹೊಸ ನಿಬಂಧನೆ ಬಂದೊಡನೆ ಹಳೆಯ ಹೊಂದಿಕೆ ಕೆಟ್ಟಿತು. 2018ರಲ್ಲಿ ಹರಪನಹಳ್ಳಿ ಬಳ್ಳಾರಿಗೆ ಮರಳಿತು. 2021ರಲ್ಲಿ ಐದು ತಾಲ್ಲೂಕುಗಳೂ ಹೊಸಪೇಟೆಯೊಡನೆ ವಿಜಯನಗರ ಜಿಲ್ಲೆಯಾದವು.

ಇಬ್ಬರ ನಡುವೆ ಸರಿಹೋದುದೆಲ್ಲ ಹಲವರ ನಡುವೆ ಸರಿಹೋಗಬೇಕೆಂದೇನೂ ಇಲ್ಲ. ಆದರೂ ಪರೀಕ್ಷೆಯನ್ನು ಆರಂಭಿಸಬೇಕಾದುದು ನೆರೆಯಿಂದಲೇ. ಗಣಿತಜ್ಞನಿಗೂ ಆಡಳಿತಗಾರನಿಗೂ ಇದು ಸಮಾನವಾದ ಪಾಠ.