ಊರಿನ ಹೆಸರು ಹಲವು, ತಾಣ ಒಂದೇ: ಮುಖಪುಟ ಮತ್ತು ಪರ್ಯಾಯ ವಿಳಾಸಗಳ ವ್ಯವಸ್ಥೆ

ಹೊಳೆನರಸೀಪುರವನ್ನು ಕನ್ನಡದಲ್ಲಿ ಬರೆಯಲು ಯಾರೂ ತಡವರಿಸುವುದಿಲ್ಲ. ರೋಮನ್ ಲಿಪಿಗೆ ಇಳಿಸಿದೊಡನೆ ಪೇಚಾಟ ಆರಂಭವಾಗುತ್ತದೆ. 2011ರ ಜನಗಣತಿಯ ಇಂಗ್ಲಿಷ್ ದಾಖಲೆಗಳಲ್ಲಿ ಅದು ‘ಹೊಳೆ ನರ್ಸಿಪುರ್’ ಎಂದು ಎರಡು ಪದಗಳಾಗಿ ಒಡೆದಿದೆ. ರೈಲು ನಿಲ್ದಾಣದ ಹೆಸರೂ ಹಾಗೆಯೇ. ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಮಾತ್ರ ಒಂದೇ ಪದ. ಅರಕಲಗೂಡು ‘ಅರ್ಕಲ್‌ಗುಡ್’ ಆಗುತ್ತದೆ. ಚನ್ನರಾಯಪಟ್ಟಣದಲ್ಲಿ ‘ಎ’ ಬರಬೇಕೋ ‘ಇ’ ಬರಬೇಕೋ, ‘ಟಿ’ ಒಂದೋ ಎರಡೋ ಎಂಬ ಗೊಂದಲ. ಹಾಸನಕ್ಕೆ ಉಚ್ಚಾರಣೆಯಲ್ಲಿ ಇಲ್ಲದ ಎರಡನೆಯ ‘ಎಸ್’ ಅಂಟಿಕೊಂಡಿದೆ.

ಲಕೋಟೆಯ ಮೇಲೆ ಹೇಗೆ ಬರೆದರೂ ಅಂಚೆಯಣ್ಣ ಅರ್ಥ ಮಾಡಿಕೊಳ್ಳುತ್ತಾನೆ. ಗಣಕಯಂತ್ರಕ್ಕೆ ಆ ಸೌಜನ್ಯವಿಲ್ಲ. ಒಂದಕ್ಷರ ತಪ್ಪಿದರೆ ತಾಣ ತೆರೆಯುವುದಿಲ್ಲ, ಇಲ್ಲವೇ ಬೇರೆ ಯಾರದೋ ತಾಣ ತೆರೆಯುತ್ತದೆ. ಆಸ್ತಿ ತೆರಿಗೆ ಕಟ್ಟಲು ಹೊರಟವನಿಗೆ ಎರಡನೆಯದೇ ಹೆಚ್ಚು ಅಪಾಯಕಾರಿ. ಆದ್ದರಿಂದಲೇ ಒಂದು ತಾಣಕ್ಕೆ ಹಲವು ವಿಳಾಸಗಳನ್ನು ಜೋಡಿಸುವ ಕ್ರಮ ಬಳಕೆಯಲ್ಲಿದೆ.

ಅಂತರ್ಜಾಲದ ಹೆಸರುಗಳನ್ನು ಅಂಕಿಗಳ ವಿಳಾಸಕ್ಕೆ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಅದರಲ್ಲಿನ ‘ಎ’ ದಾಖಲೆ ಹೆಸರನ್ನು ನೇರವಾಗಿ ಅಂಕಿಗೆ ಕಟ್ಟುತ್ತದೆ. ‘ಸಿ-ನೇಮ್’ ದಾಖಲೆ ಒಂದು ಹೆಸರನ್ನು ಇನ್ನೊಂದರ ಅಡ್ಡಹೆಸರಾಗಿಸುತ್ತದೆ. ಇಷ್ಟೇ ಸಾಲದು. ಬಂದ ಹೆಸರು ತನ್ನದೇ ಎಂದು ಸರ್ವರ್ ಕೂಡ ಗುರುತಿಸಬೇಕು. ಅಪಾಚೆಯಲ್ಲಿ ‘ಸರ್ವರ್ ಅಲಿಯಾಸ್’ ಎಂಬ ಸಾಲು ಇರುವುದು ಇದಕ್ಕಾಗಿ. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇದ್ದರೆ ತೆರೆಯುವ, ಇಲ್ಲದಿದ್ದರೆ ತೆರೆಯದ ತಾಣಗಳ ಕಾಯಿಲೆಗೂ ಮದ್ದು ಇಲ್ಲಿಯೇ ಇದೆ.

ಹಲವು ವಿಳಾಸಗಳಲ್ಲಿ ಒಂದನ್ನು ಮುಖ್ಯವೆಂದು ಆರಿಸಿ ಉಳಿದವನ್ನು ಅದಕ್ಕೆ ತಿರುಗಿಸುವುದು ಉತ್ತಮ. 301 ಎಂಬ ಸಂಕೇತ ಶಾಶ್ವತ ಸ್ಥಳಾಂತರಕ್ಕೆ, 302 ತಾತ್ಕಾಲಿಕಕ್ಕೆ. ಬ್ರೌಸರ್‌ಗಳು 301ನ್ನು ದೀರ್ಘಕಾಲ ನೆನಪಿಟ್ಟುಕೊಳ್ಳುವುದರಿಂದ ಮೊದಲು 302 ಬಳಸಿ ಪರೀಕ್ಷಿಸುವುದು ಜಾಣತನ. ಸುರಕ್ಷತಾ ಪ್ರಮಾಣಪತ್ರದಲ್ಲಿ ಪರ್ಯಾಯ ಹೆಸರುಗಳೂ ಇರಬೇಕು. ಇಲ್ಲದಿದ್ದರೆ ತಿರುಗಿಸುವ ಮೊದಲೇ ಬ್ರೌಸರ್ ಎಚ್ಚರಿಕೆಯ ಫಲಕ ತೋರಿಸುತ್ತದೆ.

ಬಾಗಿಲವರೆಗೆ ಬಂದವನಿಗೆ ಮೊದಲು ಕಾಣುವುದು ಮುಖಪುಟ. ಕಡತದ ಹೆಸರು ಹೇಳದೆ ಬಂದವನಿಗೆ ಯಾವ ಪುಟ ಕೊಡಬೇಕೆಂಬುದನ್ನು ಅಪಾಚೆಯಲ್ಲಿ ‘ಡೈರೆಕ್ಟರಿ ಇಂಡೆಕ್ಸ್’, ಮೈಕ್ರೋಸಾಫ್ಟ್‌ನ ಐಐಎಸ್‌ನಲ್ಲಿ ‘ಡೀಫಾಲ್ಟ್ ಡಾಕ್ಯುಮೆಂಟ್’ ಪಟ್ಟಿ ನಿರ್ಧರಿಸುತ್ತದೆ. ಪಟ್ಟಿಯಲ್ಲಿ ಮೊದಲಿರುವ ಕಡತ ಸಿಕ್ಕರೆ ಸರ್ವರ್ ಮುಂದಕ್ಕೆ ನೋಡುವುದಿಲ್ಲ. ಹೊಸ ತಾಣ ಸಿದ್ಧವಾಗಿದ್ದರೂ ‘ಶೀಘ್ರದಲ್ಲೇ ಬರಲಿದೆ’ ಎಂಬ ಹಳೆಯ ಇಂಡೆಕ್ಸ್ ಪುಟವೇ ತಿಂಗಳುಗಟ್ಟಲೆ ಕಾಣುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಲಿನಕ್ಸ್ ಸರ್ವರ್‌ಗಳಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳೂ ಬೇರೆ ಬೇರೆ.

ಪಟ್ಟಿಯ ಯಾವ ಕಡತವೂ ಸಿಗದಿದ್ದರೆ ಸರ್ವರ್ ಪ್ರವೇಶ ನಿರಾಕರಿಸಬಹುದು. ಅಥವಾ, ಸರಿಯಾಗಿ ಹೊಂದಿಸದಿದ್ದರೆ, ಕಡತಕೋಶದಲ್ಲಿರುವುದನ್ನೆಲ್ಲ ಸಾಲಾಗಿ ತೆರೆದಿಡುತ್ತದೆ. ಫಲಾನುಭವಿಗಳ ಪಟ್ಟಿ, ದೂರವಾಣಿ ಸಂಖ್ಯೆಗಳಿರುವ ಅರ್ಜಿಗಳು ಹೊರಬೀಳುವುದು ಹೀಗೆ. ಕಡತಪಟ್ಟಿ ತೋರಿಸುವ ಸೌಲಭ್ಯವನ್ನು ಮುಚ್ಚಿಡುವುದು ಮೊದಲ ದಿನದ ಕೆಲಸವಾಗಬೇಕು.

ಹೆಸರು ಬದಲಾದಾಗ ಪರ್ಯಾಯ ವಿಳಾಸದ ಬೆಲೆ ತಿಳಿಯುತ್ತದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಮರಳಿದವು. ಬೆಳಗಾವಿ, ಕಲಬುರಗಿ ಜಿಲ್ಲಾಡಳಿತಗಳ ತಾಣಗಳು ಹೊಸ ಹೆಸರು ತೊಟ್ಟವು. ಹಾಸನ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಪೌರ ಸುಧಾರಣಾ ಕೋಶವು ಸ್ಥಳೀಯ ಸಂಸ್ಥೆಗಳಿಗೆ ರೂಪಿಸಿದ ತಾಣಗಳಲ್ಲಿ ಊರಿನ ಹೆಸರಿಗೆ ‘ಸಿಟಿ’ ಅಥವಾ ‘ಟೌನ್’ ಎಂಬ ಬಾಲ ಸೇರಿತ್ತು. ಪಟ್ಟಣವು ನಗರವಾಗಿ ಬಡ್ತಿ ಪಡೆದರೆ ಇಂಥ ವಿಳಾಸವೂ ಹಳತಾಗುತ್ತದೆ.

ಹಳೆಯ ಕೊಂಡಿಗಳನ್ನೆಲ್ಲ ಸಾರಾಸಗಟಾಗಿ ಹೊಸ ಮುಖಪುಟಕ್ಕೆ ತಿರುಗಿಸುವ ಅಭ್ಯಾಸ ಸೋಮಾರಿತನವಷ್ಟೇ. ಖಾತಾ ಅರ್ಜಿ ಹುಡುಕಿ ಬಂದವನಿಗೆ ಸ್ವಾಗತ ಭಾಷಣ ಬೇಕಿಲ್ಲ. ಪ್ರತಿ ಪುಟವೂ ತನ್ನ ಹೊಸ ಜೋಡಿಗೇ ತಿರುಗಬೇಕು.

ಡಾಟ್ ಗವ್ ಡಾಟ್ ಇನ್ ಹೆಸರುಗಳು ಸರ್ಕಾರಿ ಸಂಸ್ಥೆಗಳಿಗಷ್ಟೇ ದೊರೆಯುತ್ತವೆ. ಹಣ ಪಾವತಿಸುವ ಮುನ್ನ ವಿಳಾಸದ ಕೊನೆ ನೋಡುವುದು ಓದುಗನ ಮಟ್ಟಿಗೆ ಸುಲಭದ ಪರೀಕ್ಷೆ. ಡಾಟ್ ಕಾಮ್, ಡಾಟ್ ಇನ್ ಬಳಸುವ ಸಹಕಾರ ಸಂಘ, ಶಾಲೆಗಳಿಗೆ ಆ ಕಾವಲಿಲ್ಲ. ಅವು ಹಳೆಯ ಹೆಸರಿನ ನವೀಕರಣ ಶುಲ್ಕ ಕಟ್ಟದೆ ಬಿಟ್ಟರೆ, ಗಡುವು ಮುಗಿದ ಮೇಲೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ರಸೀದಿ ಪುಸ್ತಕದಲ್ಲಿ, ಕಾಂಪೌಂಡ್ ಗೋಡೆಯ ಮೇಲೆ ಮಾತ್ರ ಅದೇ ವಿಳಾಸ ಉಳಿದಿರುತ್ತದೆ.